ಚಾರ್ಜಿಗೆ ಹಾಕಿ ಮಲಗುವ ಅಳಿಯನಿಗೆ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮೊನ್ನೆ ನಿಮ್ಮಮ್ಮ ಫೋನಿನಲ್ಲಿ ಬೇರೇನೋ ಹೇಳುತ್ತಾ, "ರಾತ್ರಿ ಮಲಗೋ ಮುಂಚೆ ಡ್ರೋನ್ ಬ್ಯಾಟರಿ ಚಾರ್ಜಿಗೆ ಹಾಕ್ತಾನೆ, ಬೆಳಗ್ಗೆ ಐದಕ್ಕೇ ಎದ್ದು ಹಾರಿಸೋಕೆ ಹೋಗ್ತಾನೆ" ಅಂದಳು. ಅವಳಿಗೆ ಅದು ಮಗನ ಶಿಸ್ತು. ನನಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಫೋನನ್ನೂ ರಾತ್ರಿಯೆಲ್ಲಾ ಹಾಕಿರ್ತೀನಲ್ಲ ಮಾವ ಅಂತ ಕೇಳುತ್ತೀಯ, ಗೊತ್ತು. ಫೋನಿನ ಬ್ಯಾಟರಿಯ ಜೊತೆ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಜಾಸ್ತಿ ಚಾರ್ಜ್ ಆದರೆ ಅದೇ ಕಡಿದು ಹಾಕುತ್ತದೆ. ನಿನ್ನ ಡ್ರೋನಿನ ಲಿಪೋ (ಲಿಥಿಯಂ ಪಾಲಿಮರ್) ಪ್ಯಾಕಿನಲ್ಲಿ ಅದಿಲ್ಲ. ಮೆತ್ತಗಿನ ಚೀಲದಂಥ ನಾಲ್ಕು ಸೆಲ್, ಸುತ್ತ ಒಂದು ಪ್ಲಾಸ್ಟಿಕ್ ಹೊದಿಕೆ, ವೈರುಗಳು, ಅಷ್ಟೇ. ಕಾವಲಿಗೆ ಇರುವುದು ಹೊರಗಿನ ಚಾರ್ಜರ್ ಒಂದೇ. ಅದೂ ನೀನು ಹೇಳಿದ್ದನ್ನೇ ನಂಬುತ್ತದೆ.

ಈಗ ನಿಮ್ಮಮ್ಮನಿಗೂ ಹೇಳದ ಒಂದು ವಿಷಯ. ನಮ್ಮ ನಡುಮನೆಯಲ್ಲಿ ನಿಮ್ಮಜ್ಜನ ಮೇಜಿದೆಯಲ್ಲ, ಅದರ ಮೇಲೆ ಯಾವಾಗಲೂ ನಿಮ್ಮತ್ತೆಯ ಕಸೂತಿ ಬಟ್ಟೆ ಹಾಸಿರುತ್ತದೆ. ಅದು ಚೆಂದಕ್ಕಲ್ಲ. ಬಟ್ಟೆ ಎತ್ತಿದರೆ ಊಟದ ತಟ್ಟೆಯಷ್ಟು ಅಗಲಕ್ಕೆ ಮರ ಕರಕಲಾಗಿದೆ. ಆಗ ನನಗೆ ರಿಮೋಟ್ ವಿಮಾನದ ಹುಚ್ಚು. ಒಂದು ಭಾನುವಾರ ವಿಮಾನ ಮೂಗು ಕೆಳಗಾಗಿ ಗದ್ದೆಯ ಬದುವಿಗೆ ಬಡಿಯಿತು. 2200 ಎಂಎಎಚ್ ಇರುವ 3ಎಸ್ (ಮೂರು ಸೆಲ್ಲಿನ) ಪ್ಯಾಕಿನ ಒಂದು ಮೂಲೆ ಹೆಬ್ಬೆರಳಿನ ತುದಿಯಷ್ಟು ತಗ್ಗಾಗಿತ್ತು. ಉಬ್ಬಿರಲಿಲ್ಲ, ಬಿಸಿಯೂ ಇರಲಿಲ್ಲ. ಇಷ್ಟಕ್ಕೆಲ್ಲಾ ಎಸೆಯೋದಾ ಅಂತ ಮೇಜಿನ ಮೇಲೆ ಪೇಪರ್ ಹಾಸಿ ಚಾರ್ಜಿಗೆ ಹಾಕಿದೆ. ಗೇಟಿನ ಹತ್ತಿರ ಪಕ್ಕದ ಮನೆಯವರು ಸಿಕ್ಕರು. ಮಾತಿಗೆ ನಿಂತೆ.

ಹತ್ತು ನಿಮಿಷ ಆಗಿರಬಹುದು. ಒಳಗಿನಿಂದ ಕುಕ್ಕರ್ ಕೂಗುವ ಮುಂಚಿನ ಸುಸ್ ಅನ್ನುವ ಸದ್ದು. ಅಡುಗೆ ಆಗಿಹೋಗಿತ್ತಲ್ಲ, ಇದ್ಯಾವ ಕುಕ್ಕರ್ ಅಂದುಕೊಂಡೇ ಬಾಗಿಲಿಗೆ ಬಂದೆ. ಪ್ಯಾಕ್ ಪೂರಿಯ ಹಾಗೆ ಉಬ್ಬಿ ನಿಂತಿತ್ತು. ನೋಡನೋಡುತ್ತಲೇ ಪಕ್ಕ ಸೀಳಿ ಬಿಳಿ ಹೊಗೆ ನುಗ್ಗಿತು, ಅದರ ಬೆನ್ನಿಗೇ ಬೆಂಕಿ. ದೀಪಾವಳಿಯ ಹೂಕುಂಡವನ್ನು ಮಲಗಿಸಿ ಹಚ್ಚಿದರೆ ಹೇಗಿರುತ್ತೆ, ಹಾಗೆ. ಮುಗಿಯಿತು ಅಂದುಕೊಂಡರೆ ಎರಡನೆಯ ಸೆಲ್ ಹೊತ್ತಿಕೊಂಡಿತು. ನಾನು ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ನಿಮ್ಮತ್ತೆ ಬಚ್ಚಲಿನಿಂದ ಎರಡು ಬಕೆಟ್ ನೀರು ತಂದು ಸುರಿದಳು. ಕಿಟಕಿಯ ಕರ್ಟನ್ ಇನ್ನು ಒಂದು ಗೇಣು ದೂರದಲ್ಲಿತ್ತು. ಎರಡು ದಿನ ಕೆಮ್ಮಿದೆ.

ಸೆಲ್ ಒಳಗೆ ಎರಡು ಪದರಗಳ ನಡುವೆ ತಲೆಕೂದಲಿಗಿಂತ ತೆಳುವಾದ ಒಂದು ಹಾಳೆ ಇರುತ್ತದೆ. ಏಟು ಬಿದ್ದರೆ ಅದು ಹರಿಯುತ್ತದೆ, ಒಳಗೇ ಶಾರ್ಟ್ ಆಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎಷ್ಟೋ ಸಲ ಚಾರ್ಜಿಗೆ ಹಾಕಿದಾಗಲೇ ಗೊತ್ತಾಗುವುದು. ಅದಕ್ಕೇ ಹೇಳುತ್ತೇನೆ, ಬಿದ್ದ ಪ್ಯಾಕನ್ನು ತಕ್ಷಣ ಮನೆಯೊಳಗೆ ತರಬೇಡ. ಸ್ವಲ್ಪ ಹೊತ್ತು ಹೊರಗಿಟ್ಟು ನೋಡು. ಮೂಲೆ ತಗ್ಗಾಗಿದ್ದರೆ ಅದರ ಆಸೆ ಬಿಟ್ಟುಬಿಡು.

ಇನ್ನು ಚಾರ್ಜರ್. ಲಿಪೋ ಸೆಲ್ ತುಂಬಿದಾಗ 4.2 ವೋಲ್ಟ್, ಅದರ ಮೇಲೆ ಹೋಗಬಾರದು. ನಿನ್ನ 4ಎಸ್ ಪ್ಯಾಕಿಗೆ ಒಟ್ಟು 16.8. ಈ ಒಟ್ಟು ಲೆಕ್ಕ ನಂಬಿ ಮೋಸ ಹೋಗಬೇಡ. ಮೂರು ಸೆಲ್ 4.1ರಲ್ಲಿ ಇದ್ದು ನಾಲ್ಕನೆಯದು 4.5ಕ್ಕೆ ಏರಿದರೂ ಒಟ್ಟು ಅದೇ 16.8 ತೋರಿಸುತ್ತದೆ. ಆ ಒಂದು ಸೆಲ್ ಸಾಕು ಮನೆಗೆ ಬೆಂಕಿ ಹಚ್ಚಲು. ಪ್ಯಾಕಿನಿಂದ ಹೊರಬರುವ ಆ ಬಿಳಿ ಪುಟ್ಟ ಕನೆಕ್ಟರ್ ಇರುವುದೇ ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಲು. ಅದನ್ನು ಸಿಕ್ಕಿಸಿ, ಎಲ್ಲಾ ಸೆಲ್ಲುಗಳನ್ನು ಸಮಕ್ಕೆ ತುಂಬಿಸುವ ಬ್ಯಾಲೆನ್ಸ್ ಮೋಡಿನಲ್ಲೇ ಹಾಕು. ಕರೆಂಟು 1ಸಿ, ಅಂದರೆ 1500 ಎಂಎಎಚ್‌ಗೆ 1.5 ಆಂಪಿಯರ್. ಬೇಗ ಆಗಲಿ ಅಂತ ಜಾಸ್ತಿ ಮಾಡಬೇಡ. ಸ್ಟಾರ್ಟ್ ಒತ್ತುವ ಮುಂಚೆ ಪರದೆಯಲ್ಲಿ ಲಿಪೋ ಅಂತ ಇದೆಯಾ, 4ಎಸ್ ಅಂತ ಇದೆಯಾ ಎರಡು ಸಲ ನೋಡು. ನಿಕಲ್ ಬ್ಯಾಟರಿಯ ಮೋಡ್ ಇದ್ದರೆ ಚಾರ್ಜರ್ ತುಂಬಿದ ಗುರುತಿಗಾಗಿ ವೋಲ್ಟೇಜ್ ಒಂಚೂರು ಇಳಿಯುವುದನ್ನು ಕಾಯುತ್ತದೆ. ಲಿಪೋದಲ್ಲಿ ಆ ಗುರುತು ಬರುವುದೇ ಇಲ್ಲ. ಅದು ಪಾಪ, ತುಂಬುತ್ತಲೇ ಹೋಗುತ್ತದೆ. ಹಾರಿಸಿ ಇಳಿಸಿದ ಪ್ಯಾಕ್ ಬೆಚ್ಚಗಿದ್ದರೆ ಆರುವ ತನಕ ಕಾಯಬೇಕು ಅನ್ನುವುದು ನಿನಗೆ ಗೊತ್ತೇ ಇದೆ.

ಇಷ್ಟೆಲ್ಲಾ ಸರಿ ಇದ್ದರೂ ಹತ್ತಿರ ಒಬ್ಬರು ಇರಬೇಕು ಕಣೋ. 2013ರ ಜನವರಿಯಲ್ಲಿ ಬೋಸ್ಟನ್ ನಿಲ್ದಾಣದಲ್ಲಿ ಸುಮ್ನೆ ನಿಂತಿದ್ದ ಬೋಯಿಂಗ್ 787 ವಿಮಾನದ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿತ್ತು. ಅದೇ ತಿಂಗಳು ಜಪಾನಿನಲ್ಲಿ ಇನ್ನೊಂದರಲ್ಲಿ ಹೊಗೆ. ಏರ್ ಇಂಡಿಯಾದವೂ ಸೇರಿ ಜಗತ್ತಿನ ಎಲ್ಲಾ 787ಗಳು ತಿಂಗಳುಗಟ್ಟಲೆ ನೆಲ ಬಿಟ್ಟು ಏಳಲಿಲ್ಲ. ಅವರಿಗೇ ಹಾಗಾದರೆ ನಮ್ಮ ನಿಮ್ಮ ಚಾರ್ಜರ್ ಯಾವ ಲೆಕ್ಕ? ಹಾಲು ಕಾಯಿಸುವಾಗ ಒಲೆ ಬಿಟ್ಟು ಹೋಗುವುದಿಲ್ಲ ಅಲ್ವಾ, ಹಾಗೆ ಇದು. ಸಂಜೆ ಓದುತ್ತಲೋ ಸಾಲ್ಡರ್ ಮಾಡುತ್ತಲೋ ಕೂತಿರುವಾಗ ಹಾಕು. ಒಂದು ಗಂಟೆಯ ಕೆಲಸ. ಸ್ನಾನಕ್ಕೆ ಹೋಗುತ್ತೀಯಾ, ಮೊದಲು ಸ್ಟಾಪ್ ಒತ್ತಿ ಹೋಗು.

ನಿನ್ನ ರೂಮಿನಲ್ಲಿ ಹಾಸಿಗೆ, ಕರ್ಟನ್, ಬಟ್ಟೆ ರಾಶಿ ಎಲ್ಲಾ ಒಂದೇ ಕಡೆ. ಬಾಲ್ಕನಿಯ ಟೈಲ್ಸ್ ನೆಲವೇ ವಾಸಿ, ಮಳೆ ಬಿಸಿಲು ಬೀಳದ ಮೂಲೆ ನೋಡಿಕೋ. ಹೊರಗೆ ಹೋಗುವ ಬಾಗಿಲ ಹತ್ತಿರ ಮಾತ್ರ ಯಾವತ್ತೂ ಬೇಡ. ಹೊತ್ತಿಕೊಂಡರೆ ನೀನು ಒಳಗೇ ಉಳಿಯುತ್ತೀಯ. ದೊಡ್ಡ ಮಣ್ಣಿನ ಹೂಕುಂಡ ತಂದು, ತಳಕ್ಕೆ ಒಣ ಮರಳು ಹಾಕಿ, ಅದರೊಳಗೆ ಪ್ಯಾಕ್ ಇಡು. ಬಿಗಿಯಾದ ಮುಚ್ಚಳ ಹಾಕಬೇಡ, ಗ್ಯಾಸ್ ಹೋಗಲು ದಾರಿ ಬೇಕು. ಆನ್‌ಲೈನಿನಲ್ಲಿ ಸಿಗುವ ಲಿಪೋ ಚೀಲ ಬೆಂಕಿಯನ್ನು ಸ್ವಲ್ಪ ತಡೆದು ನಿಲ್ಲಿಸಬಹುದು, ಅದನ್ನೇ ನಂಬಿಕೊಂಡು ಮಂಚದ ಕೆಳಗೆ ಇಡಬೇಡ.

ಅಕಸ್ಮಾತ್ ಹೊಗೆ ಬಂತು ಅನ್ನು. ಕೈಗೆ ಸಿಗುವ ಹಾಗಿದ್ದರೆ ಕರೆಂಟು ತೆಗಿ, ಮರಳು ಸುರಿ, ಸುತ್ತಮುತ್ತ ಹತ್ತಿದ್ದಕ್ಕೆ ನೀರು ಹಾಕು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಅದು ಎದೆಗೆ ಹೋಗಬಾರದು. ನಿನ್ನ ಕೈ ಮೀರಿತು ಅನಿಸಿದರೆ ಬಾಗಿಲು ಎಳೆದುಕೊಂಡು ಹೊರಗೆ ಬಾ, 112ಕ್ಕೆ ಫೋನ್ ಮಾಡು. ನನ್ನ ಹಾಗೆ ಹೊಗೆಯಲ್ಲಿ ನಿಂತು ಶೌರ್ಯ ತೋರಿಸಬೇಡ.

ನಿನ್ನ ಹತ್ತಿರ ಒಂದು ಪ್ಯಾಕ್ ಸ್ವಲ್ಪ ಉಬ್ಬಿದೆಯಂತೆ, ಇನ್ನೂ ಹಾರಿಸುತ್ತಿದ್ದೀಯಂತೆ. ಉಬ್ಬಿದೆ ಅಂದರೆ ಒಳಗೆ ಗ್ಯಾಸ್ ಆಗಿದೆ. ಇನ್ನು ಅದಕ್ಕೆ ಚಾರ್ಜಿಂಗ್ ಬೇಡ. ಚುಚ್ಚಿ ಗಾಳಿ ತೆಗೆಯುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಉಪ್ಪು ನೀರಿನಲ್ಲಿ ಮುಳುಗಿಸಿದರೆ ಖಾಲಿ ಆಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ವೈರಿನ ಬುಡ ತುಕ್ಕು ಹಿಡಿದು ತುಂಡಾಗುತ್ತದೆ, ಒಳಗಿನ ಚಾರ್ಜ್ ಒಳಗೇ ಇರುತ್ತದೆ, ನೀನು ಖಾಲಿ ಅಂದುಕೊಳ್ಳುತ್ತೀಯ. ಬಯಲಿನಲ್ಲಿ ಒಂದು ಸಣ್ಣ ಕಾರ್ ಬಲ್ಬಿಗೆ ಕಟ್ಟಿ ನಿಧಾನಕ್ಕೆ ಖಾಲಿ ಮಾಡು, ತುದಿಗಳಿಗೆ ಟೇಪ್ ಸುತ್ತಿ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡು. ಕಸದ ಗಾಡಿಗೆ ಹಾಕಬೇಡ, ಅಲ್ಲಿ ಒತ್ತುತ್ತಾರೆ, ಪಾಪ ಆ ಕೆಲಸದವರ ಮುಖಕ್ಕೇ ಹೊತ್ತಿಕೊಳ್ಳುತ್ತದೆ.

ಉಳಿದ ಪ್ಯಾಕುಗಳನ್ನು ವಾರವೆಲ್ಲಾ ಫುಲ್ ಚಾರ್ಜಿನಲ್ಲಿ ಇಡಬೇಡ. ಚಾರ್ಜರಿನಲ್ಲಿ ಸ್ಟೋರೇಜ್ ಅಂತ ಇರುತ್ತದೆ, ಸೆಲ್ಲಿಗೆ 3.8ರ ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ಭಾನುವಾರ ಹಾರಿಸುವುದಾದರೆ ಶನಿವಾರ ಸಂಜೆ ತುಂಬಿಸಿಕೋ.

ನಿಮ್ಮತ್ತೆ ಕೋಡುಬಳೆ ಕಳಿಸುತ್ತಿದ್ದಾಳೆ. ಡಬ್ಬದ ಪಕ್ಕದಲ್ಲಿ ಒಂದು ಚಿಕ್ಕ ಪೊಟ್ಟಣ ಇದೆ, ಅದರಲ್ಲಿ ನನ್ನ ಹಳೆಯ ಸೆಲ್ ಚೆಕರ್. ಬಿಳಿ ಕನೆಕ್ಟರಿಗೆ ಸಿಕ್ಕಿಸಿದರೆ ಒಂದೊಂದು ಸೆಲ್ಲಿನ ವೋಲ್ಟೇಜ್ ತೋರಿಸುತ್ತದೆ. ಕೈಗೆ ಬಂದ ದಿನವೇ ಎಲ್ಲಾ ಪ್ಯಾಕ್ ನೋಡಿ ನಂಬರು ಬರೆದು ನನಗೆ ಮೆಸೇಜ್ ಮಾಡು. ಮೇಜಿನ ವಿಷಯ ನಿಮ್ಮಮ್ಮನಿಗೆ ಹೇಳಬೇಡ. ಅವಳಿಗೆ ಅದು ಅಪ್ಪನ ಮೇಜು.

ಇಂತಿ,
ನಿನ್ನ ಮಾವ