ಕಿಕ್ ಖಾಲಿ ಹೋದರೆ ಸ್ಪ್ರಿಂಗ್ ಯಾಕೆ?

ಮಾನ್ಯ ಸಂಪಾದಕರೇ,

ಹಳೇ ಬುಲೆಟ್ ಜೋಪಾನ ಮಾಡುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಟ್ಯಾಂಕಿನ ಬಣ್ಣ, ಕ್ರೋಮ್, ಸೀಟಿನ ಕವರ್, ಎಲ್ಲಕ್ಕೂ ಒಂದೊಂದು ಪ್ಯಾರಾ ಇತ್ತು. ಕಿಕ್ಕಿಗೆ ಮಾತ್ರ ಒಂದೇ ಸಾಲು: ಕಿಕ್ ಹಿಡಿಯದಿದ್ದರೆ ಹೊಸ ಸ್ಪ್ರಿಂಗ್ ಹಾಕಿಸಿ. ಕಲಬುರಗಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುವ ನನಗೆ ಇದರಿಂದ ಲಾಭವೇ. ಜೇವರ್ಗಿ, ಆಳಂದ ಕಡೆಯಿಂದಲೂ ‘ಅಕ್ಕಾರೀ, ಕಿಕ್ ಖಾಲಿ ಹೋಗ್ತದ, ಸ್ಪ್ರಿಂಗ್ ಕೊಡ್ರೀ’ ಅಂತ ಬರುತ್ತಿದ್ದಾರೆ. ಆದರೂ ಹೇಳುತ್ತೇನೆ, ಆ ಸಾಲು ತಪ್ಪು.

ಒತ್ತಿದ ಕಿಕ್ಕನ್ನು ವಾಪಸ್ ಮೇಲೆ ತರುವುದು ಸ್ಪ್ರಿಂಗಿನ ಕೆಲಸ. ಎಂಜಿನ್ ತಿರುಗಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿಕ್ ಕೆಳಗೇ ಜೋತು ಬಿದ್ದರೆ ಸ್ಪ್ರಿಂಗ್ ನೋಡಿ. ಮೇಲೆ ಸರಿಯಾಗಿ ಬಂದು, ಒತ್ತಿದಾಗ ಎಂಜಿನ್ ತಿರುಗಿಸದೆ ಹಗುರವಾಗಿ ಇಳಿದುಹೋದರೆ ರೋಗ ಬೇರೆ ಕಡೆ ಇದೆ.

ನಾಲ್ಕು ಗೇರಿನ ಹಳೇ ಬುಲೆಟ್‌ನಲ್ಲಿ ಕಿಕ್ಕಿನ ಬಲ ಗೇರ್ ಬಾಕ್ಸಿನಿಂದ ಕ್ಲಚ್ ದಾಟಿ ಎಂಜಿನ್ನಿಗೆ ಹೋಗುತ್ತದೆ. ಕ್ಲಚ್ ಜಾರಿದರೂ ಕಿಕ್ ಖಾಲಿ ಹೋಗುತ್ತದೆ, ಅಲ್ವಾ? ಅದಕ್ಕೇ ಮೊದಲು ಕ್ಲಚ್ ವೈರ್ ನೋಡಿ. ಸ್ವಲ್ಪವೂ ಸಡಿಲ ಬಿಡದೆ ಬಿಗಿದಿದ್ದರೆ ಪ್ಲೇಟುಗಳು ಪೂರ್ತಿ ಕೂರುವುದಿಲ್ಲ. ಆಮೇಲೆ ಗಾಡಿ ಬಂದ್ ಮಾಡಿ, ನಡುವಿನ ಸ್ಟ್ಯಾಂಡ್ ಹಾಕಿ, ನಾಲ್ಕನೇ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಎಂಜಿನ್ ತಿರುಗಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಬಿಗಿ, ಕೈಗೆ ತಟ್ಟಿದರೆ ಕ್ಲಚ್ ಹಿಡಿಯುತ್ತಿದೆ. ಎಂಜಿನ್ ಅಲುಗದೆ ಚಕ್ರ ಸುಮ್ನೆ ತಿರುಗಿದರೆ ಕ್ಲಚ್ಚಿನದೇ ತಂಟೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಒಂದು ನಟ್ಟೂ ಬಿಚ್ಚಬೇಕಿಲ್ಲ.

ಕ್ಲಚ್ ಸರಿ ಇದ್ದರೆ ಮಾತ್ರ ಬಲಗಡೆಯ ಮುಚ್ಚಳ ಬಿಚ್ಚಿ. ಅಲ್ಲಿ ಕಿಕ್ ಶಾಫ್ಟಿನ ತುದಿಗೆ ಉಕ್ಕಿನ ಸಣ್ಣ ಕೊಕ್ಕೆ ಇರುತ್ತದೆ. ಪ್ಯಾಕೆಟ್ ಮೇಲೆ ಪಾಲ್ ಅಂತ ಬರೆದಿರುತ್ತದೆ. ಅದು ಗೇರಿನ ಒಳಹಲ್ಲಿಗೆ ಸಿಕ್ಕಿದರೇ ಕಿಕ್ ಹಿಡಿಯುವುದು. ಕೊಕ್ಕೆಯ ಮೂತಿ ಸವೆದಿದೆಯಾ, ಅದನ್ನು ಎತ್ತುವ ಪುಟಾಣಿ ಸ್ಪ್ರಿಂಗ್ ಸತ್ತಿದೆಯಾ ನೋಡಿ. ಗೇರಿನ ಹಲ್ಲೇ ದುಂಡಗಾಗಿದ್ದರೆ ಬರೀ ಕೊಕ್ಕೆ ಬದಲಿಸಿ ಉಪಯೋಗವಿಲ್ಲ, ಹೊಸದೂ ಬೇಗ ಹೋಗುತ್ತದೆ.

ಬಿಚ್ಚುವಾಗಲೇ ಅರ್ಧ ಗಾಡಿಗಳು ಕೆಡುತ್ತವೆ. ಕಿಕ್ಕಿನ ಕಾಲನ್ನು ಹಿಡಿದಿರುವುದು ಕಾಟರ್ ಪಿನ್, ಹಳೇ ಸೈಕಲ್ಲಿನ ಪೆಡಲಿಗೆ ಇರುತ್ತದಲ್ಲ ಅಂಥದ್ದೇ. ಹುಡುಗರು ನಟ್ ತೆಗೆದು ನೇರ ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಥ್ರೆಡ್ ಚಪ್ಪಟೆಯಾಗುತ್ತದೆ. ನಟ್ಟನ್ನು ತುದಿವರೆಗೆ ಸಡಿಲ ಮಾಡಿ ಅಲ್ಲೇ ಬಿಡಿ, ಕೆಳಗೆ ಭಾರದ ಕಬ್ಬಿಣ ಆನಿಸಿ, ಆಮೇಲೆ ಹೊಡೆಯಿರಿ. ಸ್ಪ್ರಿಂಗ್ ಕಳಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಯಾವ ತುದಿ ಶಾಫ್ಟಿನಲ್ಲಿತ್ತು, ಯಾವುದು ಗೂಟಕ್ಕೆ ಸಿಕ್ಕಿತ್ತು ಅನ್ನುವ ಜಗಳ ಆಮೇಲೆ ಇರುವುದಿಲ್ಲ.

ಜೋಡಿಸುವಾಗ ಕೊಕ್ಕೆ ಉಲ್ಟಾ ಕೂತರೆ ಎಷ್ಟು ಒತ್ತಿದರೂ ಹಿಡಿಯದು. ಅದರ ಸ್ಪ್ರಿಂಗಿಗೆ ಗಟ್ಟಿ ಗ್ರೀಸ್ ಮೆತ್ತಿ ಬೆರಳಿನಿಂದ ಅದುಮಿ ಹಿಡಿಯಿರಿ. ಹಾರಿಹೋದರೆ ಶಹಾಬಾದ್ ಕಲ್ಲಿನ ಸಂದಿಯಲ್ಲಿ ಹುಡುಕುತ್ತಾ ಕೂರಬೇಕು. ಕಿಕ್ಕನ್ನು ವಾಪಸ್ ತರುವ ದೊಡ್ಡ ಸ್ಪ್ರಿಂಗಿಗೆ ಕಿಕ್ ಒತ್ತುವ ದಿಕ್ಕಿಗೇ ಶಾಫ್ಟ್ ತಿರುಗಿಸಿ ಬಿಗಿ ಕೊಡಬೇಕು. ಬಿಗಿ ಕಡಿಮೆಯಾದರೆ ಕಾಲು ಜೋತು ಬೀಳುತ್ತದೆ. ಜಾಸ್ತಿಯಾದರೆ ಕಿಕ್ ತಳ ಮುಟ್ಟುವ ಮೊದಲೇ ಸುರುಳಿ ಬಿಗಿದುಕೊಂಡು ಮುರಿಯುತ್ತದೆ. ಅದಕ್ಕೆ ಪ್ಯಾಕಿಂಗ್ ಕೂರಿಸಿ ಎಣ್ಣೆ ಹಾಕುವ ಮುಂಚೆಯೇ ಕೈಯಿಂದ ಕೊನೆವರೆಗೆ ಒತ್ತಿ ನೋಡಿ.

ಇನ್ನೊಂದು ಮಾತು. ಕೊಕ್ಕೆ ಮತ್ತೆ ಮತ್ತೆ ಮುರಿಯುತ್ತಿದ್ದರೆ ಟೈಮಿಂಗ್ ತೋರಿಸಿ. ಕಿಡಿ ಬೇಗ ಬಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಪೆಟ್ಟು ಕೊಕ್ಕೆಗೂ ಬೀಳುತ್ತದೆ, ನಿಮ್ಮ ಮೊಣಕಾಲಿಗೂ ಬೀಳುತ್ತದೆ. ಸಿಲಿಂಡರಿನ ಒತ್ತಡ ಹೊರಗೆ ಬಿಡುವ ಸಣ್ಣ ಲಿವರ್, ಡಿಕಂಪ್ರೆಸರ್, ಇರುವುದು ಅಲಂಕಾರಕ್ಕಲ್ಲ. ಕಿಕ್ ಗಟ್ಟಿಯಾದ ಜಾಗ ಸಿಕ್ಕ ಮೇಲೆ ಅದನ್ನು ಎಳೆದು, ಪಿಸ್ಟನ್ನನ್ನು ಮೇಲಿನ ತುದಿಯಿಂದ ಚೂರು ದಾಟಿಸಿ, ಬಿಟ್ಟು, ಆಮೇಲೆ ಕಿಕ್ ಹೊಡೆಯಬೇಕು. ನಮ್ಮ ದಾಲ್ ಮಿಲ್ ಮಾಲೀಕರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಕ್ಕೆ ಕಿಕ್ಕೇ ಇಲ್ಲ, ಆ ಹುಡುಗರಿಗೆ ಈ ರಗಳೆ ಗೊತ್ತೇ ಇಲ್ಲ.

ದಯವಿಟ್ಟು ಅದೇ ಪುಟದಲ್ಲಿ ಆ ಸಾಲು ತಿದ್ದಿ. ಜಾಗ ಇದ್ದರೆ ಚಕ್ರ ತಿರುಗಿಸಿ ನೋಡುವ ಪರೀಕ್ಷೆಯ ಚಿತ್ರವೊಂದು ಹಾಕಿ. ಬೇಡದ ಸ್ಪ್ರಿಂಗ್ ಕೊಂಡವರು ವಾಪಸ್ ತಂದರೆ ನಾನು ದುಡ್ಡು ಕೊಡುತ್ತೇನೆ, ಪ್ಯಾಕೆಟ್ ಹರಿದಿರಬಾರದು.

ಇಂತಿ,
ಸ್ಪೇರ್ ಪಾರ್ಟ್ಸ್ ಅಂಗಡಿಯ ಓದುಗಾರ್ತಿ,
ಕಲಬುರಗಿ