ಹಿಮ್ಮಡಿಯಲ್ಲಿ ಹುಟ್ಟಿದ ಪದ

ಹಾಸನ,
ಭಾನುವಾರ ಸಂಜೆ

ಪ್ರಿಯ ಗೆಳೆಯಾ,

ಮಗನ ಅಂಕಪಟ್ಟಿಯ ಫೋಟೊ ತಲುಪಿತು. ಗಣಿತದಲ್ಲಿ ಅಷ್ಟು ಚೆನ್ನಾಗಿ ಅಂಕ ಬಂದಿದ್ದರೂ ಕೆಳಗೆ ಶಿಕ್ಷಕರು ಬರೆದ 'ರಿಕ್ಯಾಲ್ಸಿಟ್ರಂಟ್' ಎಂಬ ಒಂದೇ ಪದ ನಿನ್ನ ನಿದ್ದೆ ಕೆಡಿಸಿದೆ. ಹಠಮಾರಿ, ಹೇಳಿದ ಮಾತು ಕೇಳದವನು ಎಂದು ಅರ್ಥ. ಆದರೆ ಅಷ್ಟಕ್ಕೇ ನಿಲ್ಲಬೇಡ.

ಲ್ಯಾಟಿನ್ನಿನಲ್ಲಿ 'ಕ್ಯಾಲ್ಕ್ಸ್' ಎಂದರೆ ಹಿಮ್ಮಡಿ. ಅದರಿಂದ ಬಂದ 'ಕಾಲ್ಕಿಟ್ರಾರೆ' ಎಂದರೆ ಒದೆಯುವುದು. ಅದರ ಮೊದಲಿಗೆ 'ರೆ' ಸೇರಿದರೆ ತಿರುಗಿ ಒದೆಯುವುದು. ಶಿಕ್ಷಕರು ಬರೆದ ಪದ ಹುಟ್ಟಿದ್ದು ಇದರಿಂದಲೇ. ಕುದುರೆ, ಹೇಸರಗತ್ತೆಗಳಿಗೆ ಹೇಳುವ ಮಾತು. ರೋಮನ್ ಕವಿ ಹೊರೇಸ್ ಇದನ್ನು, ಮುಂದೆ ಆಗಸ್ಟಸ್ ಎನಿಸಿಕೊಂಡ ಸೀಸರನ ಬಗ್ಗೆಯೇ ಹೇಳಿದ್ದಾನೆ: ಸವರುವ ರೀತಿ ತಪ್ಪಿದರೆ ತಿರುಗಿ ಒದೆಯುತ್ತಾನೆ ಎಂದು.

ನಮ್ಮ ಕೊಟ್ಟಿಗೆಯ ಕೆಂಪಿ ನಿನಗೆ ನೆನಪಿದೆಯೇ? ಚೊಚ್ಚಲ ಕರು ಹಾಕಿತ್ತು. ಅವ್ವ ಕೆಚ್ಚಲಿಗೆ ನೀರು ಚಿಮುಕಿಸಿ ಕೈ ಇಟ್ಟೊಡನೆ ಒದೆ ಬೀಳುತ್ತಿತ್ತು, ತಂಬಿಗೆ ಗೋಡೆಗೆ ಬಡಿಯುತ್ತಿತ್ತು. ಮೂರನೆಯ ದಿನ ಅಪ್ಪ ಹಿಂಗಾಲು ಕಟ್ಟಲು ಹಗ್ಗ ತಂದರು. ಅವ್ವ ತಡೆದಳು. ಲಾಟೀನು ತರಿಸಿ ಬಗ್ಗಿ ನೋಡಿದಳು. ಒಂದು ಮೊಲೆತೊಟ್ಟು ಸೀಳಿ ಹಸಿಗಾಯವಾಗಿತ್ತು. ದಿನವೂ ಬೆಣ್ಣೆ ಸವರಿದಳು. ಆ ಹಗ್ಗ ಗೂಟದಲ್ಲೇ ನೇತಾಡುತ್ತ ಉಳಿಯಿತು.

ನಮ್ಮ 'ನಿರಂಕುಶ'ದಲ್ಲಿ ಅಂಕುಶವಿದೆ, 'ಉಚ್ಛೃಂಖಲ'ದಲ್ಲಿ ಸಂಕೋಲೆಯಿದೆ. ಎರಡೂ ಹಿಡಿತಕ್ಕೆ ತರುವವನ ಕೈಯ ವಸ್ತುಗಳು. ಈ ಲ್ಯಾಟಿನ್ ಪದದಲ್ಲಿ ಇರುವುದು ಒದ್ದ ಕಾಲು. ಅದೂ ಸುಮ್ಮನೆ ಒದ್ದದ್ದಲ್ಲ, ತಿರುಗಿ ಒದ್ದದ್ದು. ನನ್ನನ್ನು ಬಹಳವಾಗಿ ಹಿಡಿದಿರುವುದು ಆ 'ರೆ' ಎಂಬ ಒಂದಕ್ಷರ. ಅದಕ್ಕೂ ಮೊದಲು ಏನೋ ತಾಗಿರಬೇಕಲ್ಲವೇ?

ಇನ್ನೊಂದು ಸಂಗತಿ. ಶಿಸ್ತು ಮೂಡಿಸುತ್ತೇವೆ ಎನ್ನಲು ಶಾಲೆಗಳು ಬಳಸುವ 'ಇನ್‌ಕಲ್ಕೇಟ್' ಕೂಡ ಇದೇ ಹಿಮ್ಮಡಿಯ ಕೂಸು. ಅದರ ಮೂಲಾರ್ಥ ತುಳಿದು ಒಳಗಿಳಿಸುವುದು. ಒಂದೇ ಹಿಮ್ಮಡಿ, ಒಂದು ಪದದಲ್ಲಿ ತುಳಿಯುತ್ತದೆ, ಇನ್ನೊಂದರಲ್ಲಿ ಒದೆಯುತ್ತದೆ. ಇದು ತಿಳಿದ ಮೇಲೆ ಆ ಅಂಕಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡಿದೆ.

ಶಿಕ್ಷಕರ ಮೇಲೆ ನನಗೆ ಕೋಪವಿಲ್ಲ. ನಲವತ್ತು ಮಕ್ಕಳ ನಡುವೆ ಬಗ್ಗಿ ನೋಡಲು ಅವರಿಗೆ ಪುರಸೊತ್ತು ಸಿಕ್ಕಿರಲಾರದು. ನಿನಗೆ ಇರುವವನು ಒಬ್ಬನೇ. ಯಾವ ಪೀರಿಯಡ್ಡಿನಲ್ಲಿ, ಯಾರು ಏನು ಅಂದಾಗ ಅವನು ತಿರುಗಿಬಿದ್ದ ಎಂದು ಕೇಳು. ಊಟ ಮುಗಿದ ಮೇಲೆ, ಟಿ.ವಿ. ಆರಿಸಿ ಕೇಳು.

ಶನಿವಾರ ಬೇಲೂರಿನ ಮೇಲೆ ಬರುವ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಬರುತ್ತೇನೆ. ಅಲ್ಲಿಯವರೆಗೆ ಅವನನ್ನು ಬೈಯಬೇಡ.

ನಿನ್ನ
ಗೆಳೆಯ