ತುದಿ ಮುಟ್ಟಲಿಲ್ಲ, ಆದರೂ ಒಂದಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಬೇಕು

ಮೊದಲೇ ಹೇಳಿಬಿಡುತ್ತೇನೆ, ನಾನು ಬೆಟ್ಟದ ತುದಿ ತಲುಪಲಿಲ್ಲ. ಫೋಟೋ ನೋಡಿ "ಗೆದ್ದುಬಿಟ್ಟೆ ಕಣೋ" ಅಂತ ಮೆಸೇಜ್ ಹಾಕಿದವರೆಲ್ಲ ಸ್ವಲ್ಪ ತಡೀರಿ. ಆ ಫೋಟೋದಲ್ಲಿ ನಾನು ಕೂತಿರುವ ಬಂಡೆಯಿಂದ ತುದಿ ಇನ್ನೂ 80 ಮೀಟರ್ ಮೇಲಿತ್ತು. ಫೋಟೋದಲ್ಲಿ ಅದು ಕಾಣೋದಿಲ್ಲ, ಅಷ್ಟೇ.

ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಎರಡು ವರ್ಷ ಆಯ್ತು. ಅಪಘಾತದ ಕತೆ ಬೇಡ, ಹೇಳಿ ಹೇಳಿ ನನಗೇ ಬೇಜಾರಾಗಿದೆ. ಕಾಲು ಹೋದ ಮೇಲೆ ಎಲ್ಲರೂ ಒಂದೇ ವಿಡಿಯೋ ಕಳಿಸೋಕೆ ಶುರು ಮಾಡಿದರು. ಅರುಣಿಮಾ ಸಿನ್ಹಾ 2013ರಲ್ಲಿ ಕೃತಕ ಕಾಲಿನಲ್ಲಿ ಎವರೆಸ್ಟ್ ಹತ್ತಿದ್ದು. ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಬಚ್ಚಲಮನೆಗೆ ಹೋಗೋಕೂ ಗೋಡೆ ಹಿಡಿಯಬೇಕಾದ ದಿನಗಳಲ್ಲಿ ಎವರೆಸ್ಟ್ ತೋರಿಸಿದರೆ ಏನು ಮಾಡೋದು ಹೇಳಿ? ವಿಡಿಯೋ ಕಳಿಸಿದವರೇ ನಾನು ಒಂದು ಚಿಕ್ಕ ಬೆಟ್ಟಕ್ಕೆ ಹೋಗ್ತೀನಿ ಅಂದಾಗ "ಯಾಕಪ್ಪಾ ಸುಮ್ನೆ ರಿಸ್ಕು" ಅಂದರು.

ಬೆಟ್ಟ ಹತ್ತಿಸೋಕೆ ಕರೆದೊಯ್ಯುವವರನ್ನ ಎರಡು ಕಡೆ ಕೇಳಿದ್ದೆ. ಒಂದು ಕಡೆ ಉತ್ತರವೇ ಬರಲಿಲ್ಲ. ಇನ್ನೊಂದು ಕಡೆ ಎಲ್ಲರಿಗೂ ಸ್ವಾಗತ ಅಂದವರು, ಕೃತಕ ಕಾಲು ಅಂದ ತಕ್ಷಣ ಕ್ಯಾಂಪಿನಲ್ಲೇ ಕೂತು ಪ್ರಕೃತಿ ನೋಡಬಹುದು ಸರ್ ಅಂದರು.

ಮೂರನೇ ಕಡೆ ಫೋನ್ ಎತ್ತಿದ ಗೈಡ್ ಮೇಡಂಗೆ ನನ್ನ ಮೊದಲ ಥ್ಯಾಂಕ್ಸ್. ಅವರು ಆಗುತ್ತೆ ಅನ್ನಲಿಲ್ಲ, ಆಗಲ್ಲ ಅಂತಲೂ ಅನ್ನಲಿಲ್ಲ, 40 ನಿಮಿಷ ಬರೀ ಪ್ರಶ್ನೆ ಕೇಳಿದರು. ಒಂದೇ ಸಮನೆ ಎಷ್ಟು ಹೊತ್ತು ಕಾಲು ಹಾಕಿಕೊಂಡಿರ್ತೀರಿ? ಮೆಟ್ಟಿಲು ಇಳಿಯುವಾಗ ಮೊದಲು ಯಾವ ಕಾಲು? ಸಾಕೆಟ್ (ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲು) ತೆಗೆದ ಮೇಲೆ ಚರ್ಮ ಕೆಂಪಾಗಿದ್ದರೆ ಹತ್ತು ನಿಮಿಷದಲ್ಲಿ ಮಾಮೂಲಿಗೆ ಬರುತ್ತಾ? ಬಿದ್ದರೆ ಸಾಮಾನ್ಯವಾಗಿ ಯಾವ ಕಡೆಗೆ ಬೀಳ್ತೀರಿ? ಈ ಕೊನೆಯ ಪ್ರಶ್ನೆಗೆ ನಾನು ನಕ್ಕೆ. ಅವರು ನಗಲಿಲ್ಲ, ಉತ್ತರಕ್ಕೆ ಕಾದರು. ಎಡಕ್ಕೆ ಅಂದೆ. ಬೆಟ್ಟದಲ್ಲಿ ಎಡಗಡೆ ಇಳಿಜಾರು ಬಂದ ಕಡೆಯೆಲ್ಲ ಒಬ್ಬರು ಸದ್ದಿಲ್ಲದೆ ನನ್ನ ಎಡಕ್ಕೆ ಬಂದು ನಡೆಯುತ್ತಿದ್ದರು. ಅದು ಯಾಕೆ ಅಂತ ನನಗೆ ಹೊಳೆದಿದ್ದು ಮಧ್ಯದಾರಿಯಲ್ಲಿ.

ನನ್ನ ಕಾಲು ಮಾಡಿಕೊಟ್ಟವರಿಗೂ ಥ್ಯಾಂಕ್ಸ್. ಹೊರಡುವ ಹಿಂದಿನ ದಿನ ಒಂದು ಕಟ್ಟು ಸಾಕ್ಸ್ ಕೈಗಿಟ್ಟು, ನಡೀತಾ ನಡೀತಾ ಸ್ಟಂಪ್, ಅಂದರೆ ಉಳಿದ ಕಾಲಿನ ತುದಿ, ಸಣ್ಣಗಾಗುತ್ತೆ, ಸಾಕೆಟ್ ಸಡಿಲ ಆಗುತ್ತೆ, ಆಗ ಒಂದೊಂದೇ ಸೇರಿಸ್ತಾ ಹೋಗಿ ಅಂದರು. ಬೆವರಿದಾಗ ಸ್ಟಂಪಿಗೆ ಹಾಕುವ ಮೆತ್ತನೆಯ ಲೈನರ್ ಬಿಚ್ಚಿ ಒರೆಸಲೇಬೇಕು ಅಂತಲೂ ಹೇಳಿದ್ದರು. ಇದರಲ್ಲಿ ಅರ್ಧ ಕೇಳಿದೆ. ಇನ್ನರ್ಧದ ಫಲ ಮುಂದೆ ಬರುತ್ತೆ.

ನಾವು ಏಳು ಜನ, ಜೊತೆಗೆ ಗೈಡುಗಳು ಮತ್ತು ಸಹಾಯಕರು. ಒಬ್ಬರಿಗೆ ಕಣ್ಣು ಕಾಣೋದಿಲ್ಲ. ಅವರು ಒಂದು ಉದ್ದನೆಯ ಕೋಲಿನ ಮಧ್ಯಭಾಗ ಹಿಡಿದು ನಡೆಯುತ್ತಿದ್ದರು, ಕೋಲಿನ ಮುಂದಿನ ತುದಿ ಒಬ್ಬ ಗೈಡ್ ಕೈಲಿ, ಹಿಂದಿನ ತುದಿ ಇನ್ನೊಬ್ಬರ ಕೈಲಿ. ಕೋಲು ಏರಿದರೆ ಮೆಟ್ಟಿಲು, ಇಳಿದರೆ ಹಳ್ಳ, ವಾಲಿದರೆ ತಿರುವು. ಮಾತೇ ಬೇಕಿಲ್ಲ, ಅದಕ್ಕೇ ಅವರು ದಾರಿಯುದ್ದಕ್ಕೂ ಬೇರೆ ಮಾತಾಡುತ್ತಿದ್ದರು. "ಮರ ಮುಗೀತಾ ಬಂತು ಅಲ್ವಾ, ಗಾಳಿ ಬೇರೆ ಥರ ಬರ್ತಿದೆ" ಅಂದರು ಒಂದು ಕಡೆ. ನಮಗೆ ಇನ್ನೂ ಮರವೇ ಕಾಣುತ್ತಿತ್ತು. ಹತ್ತು ಹೆಜ್ಜೆಗೆ ಬಯಲು ಬಂತು.

ಇನ್ನೊಬ್ಬರು ಬೆನ್ನುಹುರಿಗೆ ಪೆಟ್ಟಾದವರು, ಒಂಟಿಚಕ್ರದ ಕುರ್ಚಿಯಲ್ಲಿ ಬಂದರು. ಜೋಲೆಟ್ ಅಂತಾರೆ ಅದಕ್ಕೆ. 1987ರಲ್ಲಿ ಜೋಯೆಲ್ ಕ್ಲೋಡೆಲ್ ಅನ್ನೋ ಫ್ರಾನ್ಸಿನ ಬೆಟ್ಟದ ಗೈಡ್ ಒಬ್ಬರು, ಸ್ನಾಯುಗಳು ಸೋಲುವ ಕಾಯಿಲೆಯಿದ್ದ ತಮ್ಮ ಸಂಬಂಧಿ ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯೋಕೆ ಮಾಡಿದ್ದಂತೆ. ಮುಂದೊಬ್ಬರು ಎಳೀಬೇಕು, ಹಿಂದೊಬ್ಬರು ಹಿಡಿದು ಸಮ ಮಾಡಬೇಕು. ಚಕ್ರ ಒಂದೇ ಆದ್ದರಿಂದ ಕಾಲುದಾರಿ ಎಷ್ಟು ಕಿರಿದಾದರೂ ನುಗ್ಗುತ್ತೆ. ಪೆಟ್ಟಾದ ಜಾಗದಿಂದ ಕೆಳಗೆ ಅವರಿಗೆ ಬೆವರು ಬರೋದಿಲ್ಲ, ಹಾಗಾಗಿ ಮೈ ಬಿಸಿ ಇಳಿಸೋಕೆ ನೀರಿನ ಸ್ಪ್ರೇ. ಫೋನಿನಲ್ಲಿ ಆಗಾಗ ಅಲಾರಂ ಬೇರೆ, ಅದು ಹೊಡೆದಾಗ ಮೈಭಾರ ಆಚೀಚೆ ಮಾಡಬೇಕು, ಇಲ್ಲದಿದ್ದರೆ ಕೂತ ಜಾಗದಲ್ಲಿ ಹುಣ್ಣಾಗುತ್ತೆ. ಕುರ್ಚಿ ಎಳೆಯೋರಿಗೆ ಚೆನ್ನಾಗಿ ಬೈದು ಕೆಲಸ ತಗೊಂಡರು ಅವರು. "ಗುಂಡಿ ಬಂದರೆ ಮೊದಲು ಹೇಳಿ, ಆಮೇಲೆ ಇಳಿಸಿ." ನನಗೆ ಆಸ್ಪತ್ರೆಯಲ್ಲಿ ಇಂಥ ಒಬ್ಬರು ಪಕ್ಕದ ಮಂಚದಲ್ಲಿ ಇರಬೇಕಿತ್ತು ಅನ್ನಿಸಿತು.

ಈಗ ಆ 80 ಮೀಟರ್ ವಿಷಯ. ದಾರಿ 4 ಕಿಲೋಮೀಟರ್, ಏರು 400 ಮೀಟರ್. 1892ರಲ್ಲಿ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡಿನವರು ಹಾಕಿಕೊಟ್ಟ ಲೆಕ್ಕ ಒಂದಿದೆ. 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ಒಂದೂವರೆ ಗಂಟೆ. ಮೇಡಂ ನಮಗೆ ಇಟ್ಟಿದ್ದು ನಾಲ್ಕು ಗಂಟೆ. ಆರಕ್ಕೆ ಹೊರಟು, ಎಲ್ಲೇ ಇದ್ದರೂ ಹತ್ತಕ್ಕೆ ವಾಪಸ್. ಇಷ್ಟೊಂದು ಯಾಕೆ ಅಂದಿದ್ದಕ್ಕೆ "ಇಳಿಯುವಾಗ ಗೊತ್ತಾಗುತ್ತೆ" ಅಂದರು. ನನ್ನ ಕೃತಕ ಪಾದಕ್ಕೆ ಕಣಕಾಲಿನ ಹತ್ತಿರ ಬಾಗು ಇಲ್ಲ. ಏರುವಾಗ ಹೇಗೋ ಆಗುತ್ತೆ, ಇಳಿಯುವಾಗ ಪೂರ್ತಿ ಭಾರ ಸಾಕೆಟ್ ಅಂಚಿಗೆ ಬಂದು ಕೂರುತ್ತೆ, ಅಡ್ಡಡ್ಡ ಹೆಜ್ಜೆ ಇಡಬೇಕು.

ಒಂಬತ್ತೂವರೆಗೆ ಒಳಗೆ ಉರಿಯೋಕೆ ಶುರುವಾಯ್ತು. ಹೇಗಿದೆ ಅಂದರು ಮೇಡಂ, ಸೂಪರ್ ಅಂದೆ. ಮೂರು ಸಲ ಸುಳ್ಳು ಹೇಳಿದೆ. ನಾಲ್ಕನೇ ಸಲ ಅವರು ಕೇಳಲಿಲ್ಲ, ಎದುರಿಗೆ ಕೂತು "ಬಿಚ್ಚಿ, ನೋಡೋಣ" ಅಂದರು. ಲೈನರ್ ಒಳಗೆ ಬೆವರು ನಿಂತಿತ್ತು. ಮೂಳೆಯ ಮೇಲೆ ಕೆಂಪು ಪಟ್ಟೆ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕೂತೆವು. ಪಟ್ಟೆ ಹಾಗೇ ಇತ್ತು.

"ಮೇಲೆ ಹೋಗಬಹುದು. ಇಳಿಯುವಷ್ಟರಲ್ಲಿ ಇದು ಗಾಯ ಆಗಿರುತ್ತೆ. ಗಾಯ ಆದರೆ ಅದು ಮಾಯುವವರೆಗೆ ಕಾಲು ಹಾಕೋ ಹಾಗಿಲ್ಲ. ನೀವೇ ಹೇಳಿ."

ಸಿಟ್ಟು ಬಂತು. ಬೇಡ ಅಂತ ಅವರೇ ಹೇಳಿದ್ದರೆ ಅವರ ಮೇಲೆ ಹಾಕಿ ಬೈಕೊಂಡು ಇಳಿಯಬಹುದಿತ್ತು. ಎರಡು ವರ್ಷದಿಂದ ನನ್ನ ಬಗ್ಗೆ ಎಲ್ಲ ಬೇರೆಯವರೇ ತೀರ್ಮಾನ ಮಾಡಿದ್ದಾರೆ, ಇದೊಂದು ಮಾತ್ರ ನನ್ನ ತಲೆಗೇ ಬಂತು. ಇಳೀತೀನಿ ಅಂದೆ. ಉಳಿದವರು ಮೇಲೆ ಹೋದರು, ಒಬ್ಬ ಗೈಡ್ ನನ್ನ ಜೊತೆ ಉಳಿದರು. ನಾನು ಅತ್ತಿದ್ದನ್ನು ನೋಡಿಯೂ ನೋಡದವರ ಹಾಗೆ ಸ್ಟಂಪಿಗೆ ಪ್ಯಾಡ್ ಹಾಕಿದ ಆ ಹುಡುಗನಿಗೆ ಸ್ಪೆಷಲ್ ಥ್ಯಾಂಕ್ಸ್.

ಮರುದಿನ ರ‍್ಯಾಪೆಲಿಂಗ್. ಅಂದರೆ ಹಗ್ಗದಲ್ಲಿ ಬಂಡೆ ಇಳಿಯೋದು. 15 ಮೀಟರ್ ಬಂಡೆ, ಮೇಲೆ ತನಕ ಜೀಪ್ ಹೋಗುತ್ತೆ. ಚರ್ಮಕ್ಕೆ ವಿಶ್ರಾಂತಿ ಬೇಕು ಅಂತ ಕಾಲು ಬಿಚ್ಚಿಟ್ಟೇ ಇಳಿಯೋದು ಅಂತಾಯ್ತು. ಅಂಚಿಗೆ ಬಂದು ಕೆಳಗೆ ನೋಡಿದೆ. ಕಾಲಿಗೆ ಬುದ್ಧಿ ಹೇಳೋಣ ಅಂದರೆ ಇದ್ದದ್ದೇ ಒಂದು ಕಾಲು, ಅದೂ ನಡುಗ್ತಾ ಇತ್ತು. ನನ್ನ ಕೃತಕ ಕಾಲನ್ನು ಬ್ಯಾಗಿಗೆ ಹಾಕಿ ಬೇರೆ ಹಗ್ಗದಲ್ಲಿ ಮೊದಲು ಇಳಿಸಿದರು. ಕೆಳಗಿನಿಂದ "ಕಾಲು ಬಂತು, ಮನುಷ್ಯನ್ನ ಕಳಿಸಿ" ಅಂತ ಕೂಗಿದರು. ನಗು ತಡೆಯೋಕಾಗದೆ ಹಿಂದಕ್ಕೆ ವಾಲಿಬಿಟ್ಟೆ, ಸೊಂಟಕ್ಕೆ ಕಟ್ಟಿದ್ದ ಹಾರ್ನೆಸ್ ಪಟ್ಟಿ ಹಿಡಿದುಕೊಂಡಿತು. ಆಮೇಲೆ ಕುಪ್ಪಳಿಸುತ್ತಾ ಇಳಿದೆ.

ಮಧ್ಯಾಹ್ನ ಆ ಕುರ್ಚಿಯ ಅಕ್ಕ ಅದೇ ಬಂಡೆ ಹತ್ತಬೇಕು ಅಂದರು. ಅವರಿಗೆ ಸೊಂಟದ ಜೊತೆ ಎದೆಗೂ ಹಾರ್ನೆಸ್, ಮೇಲೆ ರಾಟೆ ಕಟ್ಟಿ ಮೂರಕ್ಕೆ ಒಂದರ ಲೆಕ್ಕ. ಅಂದರೆ 60 ಕೆಜಿ ಎತ್ತೋಕೆ ಸುಮಾರು 20 ಕೆಜಿಯ ಎಳೆತ, ಉಜ್ಜಾಟದಿಂದ ನಿಜವಾಗಿ ಇನ್ನೂ ಜಾಸ್ತಿ ಬೇಕು, ಮತ್ತೆ ಅವರು ಒಂದು ಮೀಟರ್ ಏರಬೇಕಾದರೆ ಹಗ್ಗ ಮೂರು ಮೀಟರ್ ಎಳೀಬೇಕು. ಬಿಲೇಗೆ, ಅಂದರೆ ಜಾರಿದರೆ ಹಿಡಿಯೋಕೆ, ಬೇರೆಯೇ ಹಗ್ಗ, ಅದು ಗೈಡ್ ಕೈಲಿ. ಹಗ್ಗದ ಉಸ್ತುವಾರಿ ಹಿರಿಯರೊಬ್ಬರದು. ಅವರು ಸುತ್ತ ನೋಡಿ, ಕಾಲು ಪಕ್ಕಕ್ಕಿಟ್ಟು ಕೂತಿದ್ದ ನನಗೆ "ನೀವು ಬನ್ನಿ, ತೋಳು ಗಟ್ಟಿ ಇದೆ" ಅಂತ ಹಗ್ಗ ಕೊಟ್ಟರು.

ಎರಡು ವರ್ಷದಲ್ಲಿ ನನ್ನ ಕೈಗೆ ಯಾರೂ ಒಂದು ಬ್ಯಾಗ್ ಕೂಡ ಕೊಟ್ಟಿಲ್ಲ. ಕೂತ್ಕೋ, ನಾವು ತರ್ತೀವಿ. ಪ್ರೀತಿಯಿಂದಲೇ, ಗೊತ್ತು. ಇಲ್ಲಿ ಕೂತೇ, ಒಂದು ಕಾಲನ್ನು ಬಂಡೆಗೆ ಒದ್ದು, ಇನ್ನಿಬ್ಬರ ಜೊತೆ ಎಳೆದೆ. ಅಕ್ಕ ಮೇಲಿಂದ "ನಿದ್ದೆ ಬಂತಾ ಕೆಳಗೆ?" ಅಂತ ಕೂಗುತ್ತಿದ್ದರು. ಆ ಹಿರಿಯರಿಗೆ ಏನಂತ ಥ್ಯಾಂಕ್ಸ್ ಹೇಳೋದು ಅಂತ ತಿಳಿಯದೇ ಈ ಬರಹ ಇಷ್ಟು ತಡವಾಯ್ತು. ಬಹುಶಃ ಅವರಿಗೆ ಅದು ನೆನಪೂ ಇರಲಿಕ್ಕಿಲ್ಲ.

ಮಧ್ಯೆ ಬೆವರು ಒರೆಸೋಕೆ ಅಂತ ಗ್ಲೌಸ್ ತೆಗೆದು ಮತ್ತೆ ಹಾಕೋದು ಮರೆತಿದ್ದೆ, ಬೈಸಿಕೊಂಡೆ. ಅಷ್ಟರಲ್ಲಿ ಎರಡೂ ಅಂಗೈ ಸುಲಿದಿತ್ತು. ರಾತ್ರಿ ಮನೆಗೆ ಬಂದಾಗ ತಂಗಿ ಬಾಗಿಲು ತೆಗೆದವಳೇ ಕೆಳಗೆ ನೋಡಿ "ಕಾಲು ಹೇಗಿದೆ?" ಅಂದಳು.

ಕಾಲು ಬಿಡೇ, ಕೈ ನೋಡು ಅಂದೆ.